ಬಿಟ್ಟು ಎಲ್ಲಿಗೆ?

ಓದು ಬಿಡಹೊರಟ ಮಕ್ಕಳ ನಾಲಗೆಯ ತುದಿಯಲ್ಲಿ ಪಂಡಿತ ಭೀಮಸೇನ ಜೋಶಿಯವರ ಹೆಸರು ಸಿದ್ಧವಾಗಿರುತ್ತದೆ. ೧೯೩೩ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನರಸಿ ಮನೆ ಬಿಟ್ಟರಲ್ಲ, "ಅವರೇನು ಡಿಗ್ರಿ ಮಾಡಿದ್ದರೇ ಸಾರ್?" ಎಂದು ಕೇಳುತ್ತಾರೆ. ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಜಲಂಧರದಲ್ಲಿದ್ದ ಮಗನನ್ನು ಮರಳಿ ಕರೆತಂದವರು ತಂದೆ. ಅವರೂ ನನ್ನಂತೆ ಶಾಲಾ ಮಾಸ್ತರರು (ಹೀಗೆನ್ನಲು ನನಗೆ ಸ್ವಲ್ಪ ಹೆಮ್ಮೆಯೇ). ಬಳಿಕ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲಿದ್ದು, ನೀರು ಹೊತ್ತು, ವರ್ಷಗಟ್ಟಲೆ ಸಾಧನೆ ಮಾಡಿದರು. ನಾವು ನಡೆಸಿದ ಶಾಲೆಗಳಿಗಿಂತ ಆ ಮನೆ ಬಲು ಕಠಿಣವಾದ ಶಾಲೆ.

ಆದುದರಿಂದ ನಾನು ಕೇಳುವುದಿಷ್ಟೇ: ಬಿಟ್ಟು ಯಾರ ಬಳಿಗೆ ಹೋಗುತ್ತೀಯೆ? ಗುರುವಿನ ಹೆಸರು ಹೇಳಬಲ್ಲ ಮಗುವನ್ನು ನಾನು ತಡೆಯಲಾರೆ. "ಮನೆಯಲ್ಲೇ ನೋಡಿಕೊಂಡು ಕಲಿಯುತ್ತೇನೆ" ಎಂದರೆ, ಮೊದಲು ಪದವಿ ಮುಗಿಸು ಎನ್ನುತ್ತೇನೆ.

ಎರಡನ್ನೂ ನಿಭಾಯಿಸಿದವರುಂಟು. ಅನಿಲ್ ಕುಂಬ್ಳೆ ೧೯೯೦ರಲ್ಲಿ ಮೊದಲ ಟೆಸ್ಟ್ ಆಡಿದಾಗ ಇನ್ನೂ ವಿದ್ಯಾರ್ಥಿ; ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಮುಗಿಸಿಯೇ ತೀರಿದರು. ೬೧೯ ವಿಕೆಟ್‌ಗಳಿಗೆ ಅದೇನೂ ಅಡ್ಡಿಯಾಗಲಿಲ್ಲ.

ಹಣದ ಮಾತೂ ಉಂಟು. ಹೊಲವೋ ಅಂಗಡಿಯೋ ಇರುವ ಮನೆಯ ಹುಡುಗ ಸೋತರೆ ಮರಳಿ ಬಂದು ಗಲ್ಲಾದ ಮೇಲೆ ಕೂರುತ್ತಾನೆ. ಕೂಲಿಕಾರನ ಮಗಳಿಗೆ, ಬ್ಯಾಂಕಿನ ಗುಮಾಸ್ತೆ ಹುದ್ದೆಗೂ ಪದವಿ ಕೇಳುವ ಈ ಕಾಲದಲ್ಲಿ, ಸೋಲಿನ ಬೆಲೆಯೇ ಬೇರೆ. ಇಬ್ಬರಿಗೂ "ಕನಸಿನ ಬೆನ್ನು ಹತ್ತಿ" ಎಂದು ಒಂದೇ ಉಪದೇಶ ಮಾಡುವ ವೇದಿಕೆಯ ಭಾಷಣಕಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಡೆಯಪಕ್ಷ ಪಿಯುಸಿ ಮುಗಿಸಿ ಹೊರಡಲಿ ಎಂಬುದು ನನ್ನ ಹಠ. ಅದಿದ್ದರೆ, ೧೯೯೬ರಲ್ಲಿ ಆರಂಭವಾದ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ನಲವತ್ತರ ವಯಸ್ಸಿನಲ್ಲೂ ಪದವಿಗೆ ಸೇರಬಹುದು.