ಪಟ್ಟಣದ ಕೌನ್ಸಿಲ್ ಹೋಯ್ತು, ದೂರು ಯಾರಿಗೆ? ಐರ್ಲೆಂಡಿನ ಟಿಪ್ಪರೆರಿಯ ಏಳು ಊರುಗಳ ಕಥೆ

ತಾಲ್ಲೂಕು ಪಂಚಾಯಿತಿ ಬೇಕಾ, ಬೇಡವಾ? 2021ರಲ್ಲಿ ನಮ್ಮ ರಾಜ್ಯದಲ್ಲಿ ಈ ಮಾತು ಎದ್ದಿತ್ತು. ಅನುದಾನ ಇಲ್ಲ, ಅಧಿಕಾರ ಇಲ್ಲ, ಸುಮ್ನೆ ಯಾಕೆ ಒಂದು ಹಂತ ಅನ್ನೋದು ವಾದ. ಆಮೇಲೆ ಅದು ತಣ್ಣಗಾಯ್ತು. ಆದರೆ ಇಂಥದೇ ವಾದ ಒಪ್ಪಿಕೊಂಡು ಕೆಳಗಿನ ಹಂತವನ್ನೇ ತೆಗೆದುಹಾಕಿದ ದೇಶ ಒಂದಿದೆ. ಅದು ಐರ್ಲೆಂಡ್. ಅಲ್ಲಿನ ಟಿಪ್ಪರೆರಿ ಕೌಂಟಿಯಲ್ಲಿ ಏನಾಯ್ತು ಅನ್ನೋದು ನಮ್ಮ ಪೇಟೆಯವರೂ ತಿಳ್ಕೊಳ್ಳಬೇಕಾದ ವಿಷಯ.

ಎರಡು ಇದ್ದದ್ದು ಒಂದಾಯ್ತು

ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಟಿಪ್ಪರೆರಿಯ ವಿಸ್ತೀರ್ಣ ಸುಮಾರು 4,300 ಚದರ ಕಿ.ಮೀ. 2022ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 1.68 ಲಕ್ಷ. ನಮ್ಮ ಒಂದು ತಾಲ್ಲೂಕಿನಷ್ಟು ಜನ, ಜಿಲ್ಲೆಯಷ್ಟು ಜಾಗ.

1838ರಿಂದಲೂ ಈ ಕೌಂಟಿ ಆಡಳಿತದಲ್ಲಿ ಉತ್ತರ, ದಕ್ಷಿಣ ಎಂದು ಎರಡು ಭಾಗ. ಉತ್ತರಕ್ಕೆ ನೀನಾ ಪಟ್ಟಣ ಕೇಂದ್ರ, ದಕ್ಷಿಣಕ್ಕೆ ಕ್ಲಾನ್ಮೆಲ್. ಇದರ ಜತೆಗೆ ಏಳು ಪಟ್ಟಣಗಳಿಗೆ ತಮ್ಮದೇ ಕೌನ್ಸಿಲ್ ಇತ್ತು: ಕ್ಲಾನ್ಮೆಲ್, ನೀನಾ, ಥರ್ಲ್ಸ್, ಟೆಂಪಲ್‌ಮೋರ್, ಕ್ಯಾಶೆಲ್, ಕ್ಯಾರಿಕ್-ಆನ್-ಶೂರ್ ಮತ್ತು ಟಿಪ್ಪರೆರಿ ಪಟ್ಟಣ.

2012ರಲ್ಲಿ ಸಚಿವ ಫಿಲ್ ಹೋಗನ್ ಸುಧಾರಣೆಯ ನೀಲನಕ್ಷೆ ಮುಂದಿಟ್ಟರು. ದೇಶ ಆರ್ಥಿಕ ಬಿಕ್ಕಟ್ಟಿನಲ್ಲಿದ್ದ ಕಾಲ, ಖರ್ಚು ಇಳಿಸೋದೇ ದೊಡ್ಡ ಮಾತು. 2014ರಲ್ಲಿ ದೇಶದ 80 ಪಟ್ಟಣ ಕೌನ್ಸಿಲ್‌ಗಳೂ ರದ್ದಾದವು. ಟಿಪ್ಪರೆರಿಯ ಎರಡು ಕೌಂಟಿ ಕೌನ್ಸಿಲ್ ಸೇರಿ ಒಂದಾಯ್ತು. ಕೌಂಟಿ ಮಟ್ಟದಲ್ಲಿ 47, ಪಟ್ಟಣಗಳಲ್ಲಿ 66, ಒಟ್ಟು 113 ಸ್ಥಾನ ಇದ್ದ ಕಡೆ ಈಗ ಇರೋದು 40.

ಅಂಗಡಿಯವರಿಗೆ ಏನು ಬದಲಾಯ್ತು?

ಅಲ್ಲಿ ಅಂಗಡಿ, ಹೋಟೆಲ್, ಗೋದಾಮಿನ ಮೇಲೆ ಕಟ್ಟುವ ತೆರಿಗೆಗೆ ‘ರೇಟ್ಸ್’ ಅಂತಾರೆ. ಕಟ್ಟಡದ ಮೌಲ್ಯಕ್ಕೆ ಕೌನ್ಸಿಲ್ ಪ್ರತಿ ವರ್ಷ ಬಜೆಟ್‌ನಲ್ಲಿ ಗೊತ್ತು ಮಾಡುವ ದರ ಗುಣಿಸಿದರೆ ಬಿಲ್ ಸಿಗುತ್ತೆ. ಮೊದಲು ಪಟ್ಟಣ ಕೌನ್ಸಿಲ್ ಈ ದರವನ್ನು ತಾನೇ ನಿಗದಿ ಮಾಡ್ತಿತ್ತು. ಈಗ ಆ ಅಧಿಕಾರ ಕೌಂಟಿಗೆ. ಹಂತಹಂತವಾಗಿ ಎಲ್ಲ ಕಡೆ ಒಂದೇ ದರ ತರುವ ವ್ಯವಸ್ಥೆ ಆಯ್ತು. ಮೊದಲು ಕಮ್ಮಿ ಕಟ್ಟುತ್ತಿದ್ದ ಊರಿಗೆ ಹೊರೆ, ಜಾಸ್ತಿ ಕಟ್ಟುತ್ತಿದ್ದ ಊರಿಗೆ ಅನುಕೂಲ. ಒಂದೇ ದರದ ಲೆಕ್ಕ ಅಂದ್ರೆ ಇಷ್ಟೇ.

ಪಟ್ಟಣ ಕೌನ್ಸಿಲ್ ಬದಲಿಗೆ ‘ಮುನಿಸಿಪಲ್ ಡಿಸ್ಟ್ರಿಕ್ಟ್’ ಬಂತು. ಇದು ಬೇರೆ ಸಂಸ್ಥೆ ಅಲ್ಲ. ಆ ಭಾಗದಿಂದ ಗೆದ್ದ ಕೌಂಟಿ ಮೆಂಬರುಗಳೇ ಇಲ್ಲೂ ಕೂತು ಸ್ಥಳೀಯ ರಸ್ತೆ ಕೆಲಸದಂಥ ವಿಷಯ ತೀರ್ಮಾನಿಸ್ತಾರೆ. ತೆರಿಗೆ ಹಾಕುವ ಅಧಿಕಾರ ಅದಕ್ಕಿಲ್ಲ. ಕ್ಲಾನ್ಮೆಲ್‌ಗೆ ‘ಮೇಯರ್’ ಎಂಬ ಹೆಸರು ಉಳೀತು, ಖಜಾನೆ ಉಳೀಲಿಲ್ಲ.

ಲಾಭವೇ ಇಲ್ವಾ?

ಇದೆ. ಮೊದಲು ಪಟ್ಟಣದವರಿಗೆ ಎರಡು ಕೌನ್ಸಿಲ್‌ಗೆ ಮತ, ಹಳ್ಳಿಯವರಿಗೆ ಒಂದೇ. ಆ ತಾರತಮ್ಯ ಹೋಯ್ತು. ಇಡೀ ಕೌಂಟಿಗೆ ಒಂದೇ ಬಜೆಟ್, ಒಂದೇ ಆಡಳಿತ ಬಂತು. ಆದರೂ ಕಚೇರಿ ಮಾತ್ರ ನೀನಾ, ಕ್ಲಾನ್ಮೆಲ್ ಎರಡೂ ಕಡೆ ಉಳೀತು. ವಾಯವ್ಯದಲ್ಲಿರೋ ನೀನಾದವರನ್ನು ಕ್ಲಾನ್ಮೆಲ್‌ಗೆ, ಆಗ್ನೇಯ ಮೂಲೆಯ ಕ್ಯಾರಿಕ್‌ನವರನ್ನು ನೀನಾಗೆ ಅಲೆದಾಡಿಸೋದು ಸುಲಭ ಅಲ್ಲ. ಪಟ್ಟಣ ಕೌನ್ಸಿಲ್ ವಾಪಸ್ ಕೊಡಿ ಎಂಬ ಬೇಡಿಕೆಯೂ ಐರ್ಲೆಂಡಿನ ರಾಜಕೀಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಕಚೇರಿ ಮುಚ್ಚೋದಕ್ಕೆ ಒಂದು ಕಾಯ್ದೆ ಸಾಕು. ಮತ್ತೆ ತೆರೆಯೋದು ಅಷ್ಟು ಸಲೀಸಲ್ಲ.

ನಮ್ಮಲ್ಲಿ ಹೀಗಾಗುತ್ತಾ?

ರಾಜ್ಯ ಸರ್ಕಾರ ತಾನಾಗಿ ಮಾಡೋಕಾಗಲ್ಲ. ಜನಸಂಖ್ಯೆ 20 ಲಕ್ಷ ದಾಟದ ರಾಜ್ಯಕ್ಕೆ ಮಾತ್ರ ಮಧ್ಯದ ಹಂತ ಬಿಡೋಕೆ ಸಂವಿಧಾನದ 243ಬಿ ವಿಧಿ ಅವಕಾಶ ಕೊಡುತ್ತೆ. ಹಾಗಾಗಿ ಕಾನೂನಿನಲ್ಲಿ ತಾಲ್ಲೂಕು ಪಂಚಾಯಿತಿ ಭದ್ರ. ಆದರೆ ರದ್ದು ಮಾಡದೆಯೂ ಖಾಲಿ ಇಡಬಹುದಲ್ಲ?

ಐರ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಗೆ ಮತ ಹಾಕೋಕೆ ಪೌರತ್ವ ಬೇಕಿಲ್ಲ. 18 ತುಂಬಿ, ಅಲ್ಲೇ ವಾಸ ಇದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಆಯ್ತು. ಅಂದ್ರೆ 2024ರ ಜೂನ್ 7ರ ಕೌನ್ಸಿಲ್ ಚುನಾವಣೆಯಲ್ಲಿ ಅಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಮಕ್ಕಳಿಗೂ ಮತದ ಹಕ್ಕಿತ್ತು. ಅದೇ ದಿನಕ್ಕೆ ಇಲ್ಲಿ, ಊರಲ್ಲೇ ಇರುವ ಅವರ ಅಪ್ಪ-ಅಮ್ಮ ತಾ.ಪಂ., ಜಿ.ಪಂ.ಗೆ ಮತ ಹಾಕಿ ಎಂಟು ವರ್ಷ ಆಗಿತ್ತು. 2016ರಲ್ಲಿ ಗೆದ್ದವರ ಅವಧಿ 2021ರಲ್ಲೇ ಮುಗಿದಿತ್ತು. ಐರ್ಲೆಂಡಿನವರು ಕಾಯ್ದೆ ಮಾಡಿ ತೆಗೆದರು. ನಮ್ಮಲ್ಲಿ ಕಟ್ಟಡ ಇದೆ, ಬೋರ್ಡ್ ಇದೆ, ಅಧಿಕಾರಿ ಇದ್ದಾರೆ. ಮೆಂಬರ್ ಕುರ್ಚಿ ಮಾತ್ರ ಖಾಲಿ.