ಬುಟ್ಟಿ ಹೊತ್ತವರಿಗೆ ಜಾಗವೆಲ್ಲಿ?

ಚೆನ್ನೈಯಲ್ಲಿ ಕುಳಿತು ಎರಡನೆಯ ಮಹಾಯುದ್ಧದ ವಿಮಾನನೆಲೆಯ ಮಾದರಿ ಕಟ್ಟುವವರಿಗೂ ಇಂಗ್ಲೆಂಡಿನ ಹುಲ್ಲುಗಾವಲೇ, ಸ್ಪಿಟ್‌ಫೈರೇ ಏಕೆ ಬೇಕು? ಊರಿನ ಉತ್ತರಕ್ಕೆ ಶೋಳಾವರಂ ಇದೆ. ಯುದ್ಧಕಾಲದ ಅದರ ರನ್‌ವೇಯಲ್ಲಿ ಮುಂದೆ ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು. ಸಮೀಪದ ರೆಡ್ ಹಿಲ್ಸ್ ಕೆರೆಯಲ್ಲಿ ಕ್ಯಾಟಲೀನಾ ವಿಮಾನಗಳು ನೀರಿನ ಮೇಲೆಯೇ ಇಳಿಯುತ್ತಿದ್ದವು. ಯುದ್ಧದ ದಿನಗಳಲ್ಲಿ ಕ್ಯಾಟಲೀನಾಗಳನ್ನು ದುರಸ್ತಿ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ, 1940ರಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ನಂಟು ಬೇಕೆ?

ಮೇಜಿನ ಮೇಲೆ ಜಾಗವಿಲ್ಲ ಎನ್ನುತ್ತಾರೆ. ನಿಜ, 72ಕ್ಕೆ 1ರ ಪ್ರಮಾಣದಲ್ಲಿಯೂ ಒಂದು ಕಿಲೋಮೀಟರ್ ರನ್‌ವೇ ಸುಮಾರು 14 ಮೀಟರ್ ಉದ್ದವಾಗುತ್ತದೆ. ಯಾರ ಮನೆಯ ಹಜಾರವೂ ಸಾಲದು. ಆದ್ದರಿಂದಲೇ ಎಲ್ಲರೂ ಒಂದು ಮೂಲೆಯನ್ನಷ್ಟೇ ಕಟ್ಟುತ್ತಾರೆ. ಯಾವ ಮೂಲೆ ಎಂಬುದೇ ನನ್ನ ತಕರಾರು. ರೆಕ್ಕೆಯ ಮೊಳೆಗಳನ್ನು ಭೂತಗನ್ನಡಿ ಹಿಡಿದು ಎಣಿಸುವ ನಿಷ್ಠೆ, ತಲೆಯ ಮೇಲೆ ಮಣ್ಣುಬುಟ್ಟಿ ಹೊತ್ತು ಈ ನಾಡಿನ ರನ್‌ವೇಗಳನ್ನು ಹಾಸಿದ ಹೆಂಗಸರು ಗಂಡಸರ ವಿಷಯದಲ್ಲಿ ಎಲ್ಲಿ ಅಡಗುತ್ತದೆ? ಪೈಲಟ್ ಬೊಂಬೆಗಳು ಅಂಗಡಿಯ ಪೆಟ್ಟಿಗೆಯಲ್ಲೇ ಸಿಗುತ್ತವೆ. ಕೂಲಿಯವಳನ್ನು ಕೈಯಾರೆ ಪುಟ್ಟಿಯಲ್ಲಿ ಮೆತ್ತಬೇಕು. ಎರಡು ಸೆಂಟಿಮೀಟರಿಗಿಂತ ತುಸುವೇ ಎತ್ತರ ಅವಳು. ಅಷ್ಟಕ್ಕೂ ಎಡೆಯಿಲ್ಲದಿದ್ದರೆ ಒಂದು ವಿಮಾನವನ್ನು ತೆಗೆದಿಡಿ.