ಸಿನಿಮಾಕ್ಕೆ ಬೇಕು ಎರಡನೇ ವಾರ

ಹಳೆಯ ಸಿನಿಮಾ ಮೇಲೋ, ಹೊಸದು ಮೇಲೋ ಎಂಬ ವಾದದಲ್ಲಿ ತಕ್ಕಡಿಯೇ ಸರಿಯಿರುವುದಿಲ್ಲ. ಎಪ್ಪತ್ತರ ದಶಕ ಎಂದರೆ ನಮಗೆ ನೆನಪಾಗುವುದು ‘ಶರಪಂಜರ’, ‘ಬಂಗಾರದ ಮನುಷ್ಯ’, ‘ನಾಗರಹಾವು’. ಆಗ ಬಂದು ಅಷ್ಟೇ ಬೇಗ ಡಬ್ಬ ಸೇರಿದವನ್ನು ಕಾಲ ಎಂದೋ ಜರಡಿ ಹಿಡಿದಿದೆ. ಇಂದಿನವನ್ನು ಮಾತ್ರ ಜೊಳ್ಳಿನ ಸಮೇತ ತೂಗುತ್ತೇವೆ.

ಹಳೆಯದರ ಗುಣಗಾನದಲ್ಲಿ ಇನ್ನೊಂದೂ ಮರೆಯಾಗುತ್ತದೆ. ಪುಟ್ಟಣ್ಣ ಕಣಗಾಲ್ ಹೆಣ್ಣಿನ ಒಳಗುದಿಯನ್ನು ತೆರೆಗೆ ತಂದರು, ನಿಜ. ಆದರೆ ‘ಗೆಜ್ಜೆಪೂಜೆ’ಯ ಚಂದ್ರಾಳಿಗೆ ಸಾವು, ‘ಶರಪಂಜರ’ದ ಕಾವೇರಿಗೆ ಮತ್ತೆ ಮಾನಸಿಕ ಆಸ್ಪತ್ರೆ. ಈ ಬಗೆಯ ಕೊನೆ ಕಟ್ಟಲೇಬೇಕೆಂಬ ಒತ್ತಡ ರೂಪಾ ರಾವ್ ಅವರ ‘ಗಂಟುಮೂಟೆ’ಗೆ (2019) ಇಲ್ಲ. ಹೈಸ್ಕೂಲು ಹುಡುಗಿಯೊಬ್ಬಳು ತನ್ನ ಮೊದಲ ಪ್ರೀತಿಯನ್ನು ತಾನೇ ಹೇಳಿಕೊಳ್ಳುತ್ತಾಳೆ. ಸಿನಿಮಾ ಅವಳನ್ನು ಶಿಕ್ಷಿಸುವುದಿಲ್ಲ.

ಹಾಗಾದರೆ ಕಳೆದುಕೊಂಡದ್ದು ಏನು? ಕಥೆಗೆ ಸಿಗುತ್ತಿದ್ದ ಬಿಡುವು. ‘ಶರಪಂಜರ’ ತ್ರಿವೇಣಿಯವರ ಕಾದಂಬರಿ, ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾಯರದು, ತ.ರಾ.ಸು. ಅವರ ಮೂರು ಕಾದಂಬರಿಗಳು ಸೇರಿ ‘ನಾಗರಹಾವು’ ಆಯಿತು. ಪುಸ್ತಕ ಓದಿದವರೇ ಟಾಕೀಸಿನ ಮುಂದೆ ಸಾಲು ನಿಲ್ಲುತ್ತಿದ್ದರು. ಸಿನಿಮಾ ಮೊದಲು ಕೆಲವೇ ಊರುಗಳಲ್ಲಿ ತೆರೆಕಂಡು, ಸಣ್ಣ ಪೇಟೆಗಳನ್ನು ಸುತ್ತಿ, ಗೆರೆ ಬಿದ್ದ ಪ್ರಿಂಟಾಗಿ ಟೂರಿಂಗ್ ಟಾಕೀಸಿಗೆ ಬರುತ್ತಿತ್ತು. ನೋಡಿದವರು ನೋಡದವರಿಗೆ ಹೇಳಲು ಸಮಯವಿತ್ತು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಅಂಥ ವ್ಯವಸ್ಥೆಯಲ್ಲಿ.

ಇಂದು ಹಣೆಬರಹ ಬರೆಯುವುದು ಶುಕ್ರವಾರದಿಂದ ಭಾನುವಾರದವರೆಗಿನ ಗಳಿಕೆ. ‘ಕೆಜಿಎಫ್: ಚಾಪ್ಟರ್ 2’ 2022ರ ಏಪ್ರಿಲ್ 14ರಂದು ಐದು ಭಾಷೆಗಳಲ್ಲಿ ಒಟ್ಟಿಗೇ ಬಂತು. ಐದೂ ಭಾಷೆಯವರನ್ನು ಮೊದಲ ದಿನವೇ ಹಿಡಿಯಬೇಕಾದ ಸಿನಿಮಾ ಮಾತಿನ ಸೊಗಡನ್ನು ನೆಚ್ಚಿ ಕೂರಲಾರದು. ನಾಯಕನ ಬಿಲ್ಡಪ್ಪನ್ನೂ ಹಿನ್ನೆಲೆ ಸಂಗೀತದ ಅಬ್ಬರವನ್ನೂ ನೆಚ್ಚುತ್ತದೆ. ಅದು ನಿರ್ದೇಶಕ ಪ್ರಶಾಂತ್ ನೀಲ್ ಅವರ ದೋಷವಲ್ಲ, ಮಾರುಕಟ್ಟೆಯ ಲೆಕ್ಕ. ಕನ್ನಡ ಚಿತ್ರಕ್ಕೆ ದೇಶದ ಬಾಗಿಲು ತೆರೆದದ್ದೂ ಅದೇ ಲೆಕ್ಕ.

ಆದರೆ ಅದೇ ವರ್ಷದ ‘ಕಾಂತಾರ’ ಬೇರೊಂದು ದಾರಿ ಹಿಡಿಯಿತು. ಸೆಪ್ಟೆಂಬರ್ 30ರಂದು ಕನ್ನಡದಲ್ಲಷ್ಟೇ ತೆರೆಕಂಡು, ಜನರ ಬಾಯಿಮಾತು ಹಬ್ಬಿದ ಮೇಲೆ ಬೇರೆ ಭಾಷೆಗಳಿಗೆ ಹೋಯಿತು. ಕಂಬಳ, ಭೂತಕೋಲಗಳ ಕರಾವಳಿಯನ್ನು ಯಾರಿಗಾಗಿಯೂ ತೆಳುಮಾಡಲಿಲ್ಲ. ಮರುವರ್ಷದ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಮೂಲಕಥೆ ಬರೆದ ತೇಜಸ್ವಿಯವರ ಓದುಗರೇ ಹಣ ಹಾಕಿದರು. ಓದುಗ ಚಿತ್ರಮಂದಿರದ ದಾರಿ ಮರೆತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಳ್ಳೆಯ ಕಥೆಗಾರರಿಗೆ ಈಗಲೂ ಬರವಿಲ್ಲ. ಆದರೆ ಸಣ್ಣ ಸಿನಿಮಾಕ್ಕೆ ಸಿಗುವುದು ಬೆಳಗಿನ ಹತ್ತರ ಆಟ. ಆಫೀಸಿಗೆ ಹೋಗುವವರು ಬರಲಾಗದ ಹೊತ್ತದು. ಪಕ್ಕದ ಮನೆಯವರು ‘ಚೆನ್ನಾಗಿದೆ, ನೋಡಿ’ ಎನ್ನುವಷ್ಟರಲ್ಲಿ ಪೋಸ್ಟರ್ ಬದಲಾಗಿರುತ್ತದೆ. ಎರಡು ವರ್ಷದ ಓಟವನ್ನು ಇಂದು ಯಾರೂ ಕೇಳುತ್ತಿಲ್ಲ. ಎರಡನೇ ವಾರ, ಸಂಜೆಯ ಒಂದು ಆಟ ಸಿಕ್ಕರೆ ಸಾಕು. ಹಳೆಯದು ಮೇಲೋ ಹೊಸದು ಮೇಲೋ ಎಂಬುದನ್ನು ಆಮೇಲೆ ತೂಗೋಣ.